ತ ಹೋಗಿ ದ ಆದದ್ದು

ನಾನು ಒತ್ತಿದ್ದು ತ.
ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ,
ಜೋಗೇಶ್ವರಿಯ ಗುಡಿಯಲ್ಲಿ ನಿಲ್ಲಿಸಿದರೂ ಸರಿ.

ಇಪ್ಪತ್ತಾರು ವರ್ಷದಿಂದ ಬುಧವಾರ ಪೇಠೆಯ ಈ ಮಾಳಿಗೆಯಲ್ಲಿ
ಎರಡು ಲಿಪಿಗಳಿಗೆ ಬೆರಳು ಸವೆಸಿದ್ದೇನೆ.
ಮರಾಠಿಗೆ ಎಡಗಡೆಯ ಟ್ರೇ, ಕನ್ನಡಕ್ಕೆ ಬಲಗಡೆಯದು,
ನಡುವೆ ನನ್ನ ಊಟದ ಡಬ್ಬಿ.

ಅಕ್ಕಲಕೋಟೆಯ ಹತ್ತರಕಿಯವರ ಮಗಳ ಲಗ್ನಪತ್ರಿಕೆ,
ಅರಿಶಿನ ಬಣ್ಣದ ಕಾಗದ, ಐದು ನೂರು ಪ್ರತಿ.
‘ವಧುವಿನ ತಂದೆ’ ಎಂದಿರಬೇಕಾದಲ್ಲಿ
‘ವಧುವಿನ ದಂದೆ’.
ಐದು ನೂರು ಸಲ.

ಮಾಲಕ ಭಾಲೇರಾವ್ ಅವರಿಗೆ ಕನ್ನಡ ಬಾರದು,
ಬೈಯಲು ಅದು ಬೇಕಾಗಲೂ ಇಲ್ಲ.
ಕನ್ನಡಕದ ನಂಬರು ಕೇಳಿದರು, ವಯಸ್ಸು ಕೇಳಿದರು,
ಪಗಾರದಲ್ಲಿ ಕಾಗದದ ದುಡ್ಡು ಮುರಿದರು.
ಹತ್ತರಕಿಯವರು ಮಾತ್ರ ಫೋನಿನಲ್ಲಿ ನಕ್ಕುಬಿಟ್ಟರು:
“ಸುಳ್ಳೇನ ಬರದೀರಿ ಬಿಡ್ರಿ,
ಹಾಲಿನ ಬಾಡಿಗಿ ಕೇಳಿದ ಮ್ಯಾಲೆ ನಾ ಆಗೇನೂ ಅದನ.”
ನಗು ಮುಗಿದ ಮೇಲೆ
ಹೊಸದು ಗುರುವಾರದೊಳಗೆ ಬೇಕೆಂದರು.

ಆದರೆ ಬೆಳಗಿನ ಪ್ರೂಫಿನಲ್ಲಿ ತ ಇತ್ತು.
ಸಂಜೆ ಅಚ್ಚಿಗೆ ಹೋಗುವಾಗ ದ.
ನಡುವೆ ಯಾರೂ ಮುಟ್ಟಿಲ್ಲ, ನಾನು ಕೂಡ.

ತಾಪಕೀರ ಗಲ್ಲಿಯ ರಿಪೇರಿ ಹುಡುಗಿ, ಶರ್ಮಿಷ್ಠಾ ಘೋಡಕೆ,
ಒಂದು ಪೆನ್ ಡ್ರೈವು ಚುಚ್ಚಿ, ರಾತ್ರಿಯಿಡೀ ಓಡಲಿ ಎಂದು ಹೋದಳು.
ನಾನು ಹೋಗಲಿಲ್ಲ.
ಮೊದಲ ಸುತ್ತು, ಏನೂ ಇಲ್ಲ. ಎರಡನೆಯದು, ಏನೂ ಇಲ್ಲ.
ದೋಷ ಸಿಗಲಿ ಎಂದು ಹರಕೆ ಹೊತ್ತವನು
ಈ ಪೇಠೆಯಲ್ಲಿ ನಾನೊಬ್ಬನೇ ಇರಬೇಕು.
ಮೂರೂ ಹತ್ತಕ್ಕೆ ಪರದೆಯ ಮೇಲೆ ಕೆಂಪು ಗೆರೆ.
ಮತ್ತೊಂದು. ಮತ್ತೆ ಅದೇ ಮನೆ ನಂಬರು.
ಕೋಟ್ಯಂತರ ಮನೆಗಳಲ್ಲಿ ಒಂದೇ ಒಂದು ದೀಪ
ಆರಿಸಿದರೂ ಆರಲು ಒಲ್ಲದು.

ಘೋಡಕೆ ಕಾಗದದ ಮೇಲೆ ಎರಡು ಸಾಲು ಬರೆದಳು,
ಸೊನ್ನೆ, ಒಂದು, ಒಂದು, ಸೊನ್ನೆ,
ಎರಡೂ ಒಂದೇ ಥರ, ಕೊನೆಯಿಂದ ಎರಡನೆಯದು ಬಿಟ್ಟು.
“ಮೇಲಿನದು ನಿಮ್ಮ ತ. ಕೆಳಗಿನದು ದ.”
ಕೋರ್ಟಿನ ಖುಲಾಸೆಯ ಹಾಗೆ
ಆ ಕಾಗದವನ್ನು ಮಡಚಿ ಜೇಬಿಗಿಟ್ಟೆ.

ಡಬ್ಬದ ಮೇಲೆ ಲೈಫ್‌ಟೈಮ್ ವಾರಂಟಿ ಎಂದಿತ್ತು,
ಯಾರ ಲೈಫು ಎಂದು ಇರಲಿಲ್ಲ.
ತಿಳಕ ರಸ್ತೆಯ ಕೌಂಟರಿನವನು ಬಿಲ್ಲು ಬೆಳಕಿಗೆ ಹಿಡಿದ,
ಬಿಲ್ಲು ಪೂರ್ತಿ ಬಿಳಿಯಾಗಿತ್ತು.
ಕೊನೆಗೆ ಸ್ಟಿಕ್ಕಿನ ಬೆನ್ನಿನ ನಂಬರು ಓದಿ ತಲೆಯಾಡಿಸಿದ.
“ಇದರ ಜೊತೆಗಾರ ಎಲ್ಲಿ?”
ಅದು ಸರಿ ಇದೆ, ಅಂದೆ,
ರಾತ್ರಿಯಿಡೀ ಒಂದೂ ತಪ್ಪು ಮಾಡಿಲ್ಲ.
“ಜೋಡಿಯಲ್ಲಿ ಕೊಂಡದ್ದು. ಜೋಡಿ ಅಂದರೆ ಜೋಡಿ.”

ಮರುದಿನ ಅದನ್ನೂ ಕಳಚಿ ತಂದೆ.
ಒಂದೇ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಎರಡನ್ನೂ ಸುತ್ತಿದ.
ಅದರ ಪರ ವಾದಿಸಲು
ನನ್ನ ಜೇಬಿನಲ್ಲಿ ಕಾಗದ ಇರಲಿಲ್ಲ.

ಹತ್ತೊಂಬತ್ತು ದಿನ. ಅಷ್ಟರಲ್ಲಿ ಮದುವೆಯೂ ಆಗಿಹೋಯಿತು.
ಪಕ್ಕದ ಅಂಗಡಿಯ ಯಂತ್ರದಲ್ಲಿ, ಪ್ರತಿ ತ ಮೇಲೆ ಬೆರಳಿಟ್ಟು ಓದಿ,
ಹೊಸ ಪತ್ರಿಕೆ ಕಳಿಸಿದ್ದೆ.
ಭಾಲೇರಾವ್ ಘೋಡಕೆಯ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದರು.
ಮುರಿದ ದುಡ್ಡಿನ ಮಾತೆತ್ತಲಿಲ್ಲ.
ಚಹಾ ತರಿಸಿದರು, ಅರ್ಧ ಅಲ್ಲ, ತುಂಬಿದ ಗ್ಲಾಸು.

ಹೊಸ ಜೋಡಿ ಬಂತು. ನಾಲ್ಕು ಸುತ್ತು, ಒಂದೂ ಕೆಂಪಿಲ್ಲ.
ಮೊದಲ ಕೆಲಸ, ಹತ್ತರಕಿಯವರದೇ ಆಭಾರ ಪತ್ರ.
ಪ್ರೂಫು ತೆಗೆದೆ: ‘ವಂದಣೆಗಳು’.
ಘೋಡಕೆಗೆ ಹಚ್ಚಲು ಫೋನಿಗೆ ಕೈ ಹಾಕಿದವನು
ಹಾಗೇ ಕೂತೆ.

ನಾನು ಒತ್ತಿದ್ದು ಣ.